ಬ್ಯಾಟರಿ ಸೈಕಲ್ ಮನೆಗೆ ಬಂದ ಮೇಲೆ



ಈ ಸಲದ ಯುಗಾದಿ ಕೂಟದಲ್ಲಿ ಹೋಳಿಗೆ ಊಟ ಮುಗಿದು ಎಲ್ಲರೂ ಹರಟುತ್ತಾ ಕುಳಿತಿದ್ದಾಗ, ಬೆಂಗಳೂರಿನಿಂದ ಬಂದು ಇನ್ನೂ ಮೂರು ತಿಂಗಳಾಗದ ಹುಡುಗರಿಬ್ಬರು ನಮ್ಮ ಪಕ್ಕ ಬಂದು ಕುಳಿತರು. "ಸಾರ್, ಇಲ್ಲಿ ಎಲ್ಲರೂ ಇ-ಬೈಕ್ ಓಡಿಸ್ತಾರಲ್ಲ, ನಾವೂ ಒಂದೊಂದು ತಗೋಬೇಕು ಅಂತಿದೀವಿ. ಯಾವುದು ಒಳ್ಳೇದು?" ಎಂದು ಕೇಳಿದರು. ಯಾವುದು ಒಳ್ಳೆಯದು ಎನ್ನುವುದಕ್ಕೆ ಅಂಗಡಿಯವನ ಹತ್ತಿರ ಬೇಕಾದಷ್ಟು ಉತ್ತರಗಳಿರುತ್ತವೆ. ಆದರೆ ಕೊಂಡು ಮನೆಗೆ ತಂದ ಮಾರನೆಯ ದಿನದಿಂದ ಅದರ ಜೊತೆ ಹೇಗೆ ಬಾಳಬೇಕು ಎನ್ನುವುದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಯಾರೂ ಹೇಳುವುದೂ ಇಲ್ಲ. ಅಂದು ಅರ್ಧಕ್ಕೆ ನಿಂತ ಆ ಮಾತನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇವೆ. ಕಥೆ ಕವನಗಳ ನಡುವೆ ಇದೇನು ಚೈನಿನ ಗ್ರೀಸು ಎಂದು ಮುಖ ಸಿಂಡರಿಸಬೇಡಿ!

ನಾವು ಗಂಡ ಹೆಂಡತಿ ಇಬ್ಬರೂ ಸ್ಟುಟ್‌ಗಾರ್ಟ್‌ನಲ್ಲಿ ಇ-ಬೈಕ್ ತುಳಿಯಲು ಶುರುಮಾಡಿ ಏಳು ವರ್ಷಗಳಾದವು. ಈವರೆಗೆ ಕೊಂಡದ್ದು ಮೂರು, ಈಗ ಮನೆಯಲ್ಲಿರುವುದು ಎರಡು. ಇಲ್ಲದ ಆ ಒಂದರ ಕಥೆ ಮುಂದೆ ಬರುತ್ತದೆ.

ಇದು ಸ್ಕೂಟರ್ ಅಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ. ನಮ್ಮ ಊರಿನಲ್ಲಿ ಎಲೆಕ್ಟ್ರಿಕ್ ಬೈಕ್ ಎಂದರೆ ಕಣ್ಣ ಮುಂದೆ ಬರುವುದು ಕೈ ತಿರುಚಿದರೆ ಓಡುವ ಸ್ಕೂಟರ್. ಜರ್ಮನಿಯಲ್ಲಿ ಜನ ಇ-ಬೈಕ್ ಎನ್ನುವುದು ಬಹುಪಾಲು 'ಪೆಡೆಲೆಕ್' ಜಾತಿಯ ಸೈಕಲ್ಲಿಗೆ. ಇದರಲ್ಲಿ ನೀವು ಪೆಡಲ್ ತುಳಿದರೆ ಮಾತ್ರ ಮೋಟಾರ್ ಸಹಾಯಕ್ಕೆ ಬರುತ್ತದೆ. ಕಾಲು ನಿಂತರೆ ಅದೂ ನಿಲ್ಲುತ್ತದೆ. ಮೋಟಾರಿನ ನಿರಂತರ ಶಕ್ತಿ 250 ವ್ಯಾಟ್ ಮೀರುವಂತಿಲ್ಲ, ವೇಗ ಗಂಟೆಗೆ 25 ಕಿ.ಮೀ. ಮುಟ್ಟಿದ ಮೇಲೆ ಸಹಾಯ ಕೊಡುವಂತಿಲ್ಲ. ಈ ಮಿತಿಗಳೊಳಗೆ ಇದ್ದರೆ ಕಾನೂನಿನ ಕಣ್ಣಿನಲ್ಲಿ ಅದು ಬರೀ ಸೈಕಲ್. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಕಡ್ಡಾಯ ವಿಮೆ ಬೇಡ. ಹೆಲ್ಮೆಟ್ ಕೂಡ ಕಡ್ಡಾಯವಲ್ಲ, ಆದರೆ ದಯವಿಟ್ಟು ಹಾಕಿಕೊಳ್ಳಿ.

ಇದೇ ಅಂಗಡಿಯಲ್ಲಿ ಇದರ ದೊಡ್ಡಣ್ಣನೂ ನಿಂತಿರುತ್ತಾನೆ. ಅವನ ಹೆಸರು ಎಸ್-ಪೆಡೆಲೆಕ್. ಗಂಟೆಗೆ 45 ಕಿ.ಮೀ. ವರೆಗೆ ಸಹಾಯ ಕೊಡುತ್ತಾನೆ. ನೋಡಲು ಹೆಚ್ಚು ಕಡಿಮೆ ಒಂದೇ ಥರ, ಆದರೆ ಅವನಿಗೆ ವಿಮೆಯ ನಂಬರ್ ಪ್ಲೇಟ್ ಬೇಕು, ಲೈಸೆನ್ಸ್ ಬೇಕು, ಹೆಲ್ಮೆಟ್ ಬೇಕು. ಸೈಕಲ್ ದಾರಿಗಳಲ್ಲಿ ಸಾಮಾನ್ಯವಾಗಿ ಅವನಿಗೆ ಪ್ರವೇಶವಿಲ್ಲ, ಕಾರುಗಳ ನಡುವೆಯೇ ಹೋಗಬೇಕು. ಹೊಸದಾಗಿ ಬಂದವರಿಗೆ ನಮ್ಮ ಸಲಹೆ: ಅವನ ಸಹವಾಸ ಸದ್ಯಕ್ಕೆ ಬೇಡ. ನಮ್ಮ ಭಾರತದ ಲೈಸೆನ್ಸ್ ಇಲ್ಲಿ ಮನೆ ಮಾಡಿದ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ. ಜರ್ಮನ್ ಲೈಸೆನ್ಸಿಗೆ ಆಗುವ ಖರ್ಚು, ಓಡಾಟ ನಿಮಗೇ ಗೊತ್ತಾಗುತ್ತದೆ. ಆ ಖಾಲಿ ಹೊತ್ತಿನಲ್ಲಿ ಕೈ ಹಿಡಿಯುವುದು ಈ 25 ಕಿ.ಮೀ.ಯ ತಮ್ಮನೇ.

ಈ ಸೈಕಲ್ಲಿನ ಹುಟ್ಟೂರು ಬೇರೆ. ತುಳಿತಕ್ಕೆ ಮೋಟಾರಿನ ಜೊತೆ ಸೇರಿಸಿದ ಸೈಕಲ್ಲನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾರಿದ್ದು ಜಪಾನಿನ ಯಮಾಹಾ, 1993ರಲ್ಲಿ. ಆದರೆ ನಾವಿರುವ ಈ ಸೀಮೆಗೂ ಎರಡು ಚಕ್ರಕ್ಕೂ ಹಳೆಯ ನಂಟಿದೆ. ಕಾರ್ಲ್ ಡ್ರೈಸ್ ಪೆಡಲಿಲ್ಲದ, ಕಾಲಿನಿಂದ ನೆಲ ಒದ್ದು ಓಡಿಸುವ ಎರಡು ಚಕ್ರದ ಮರದ ಗಾಡಿಯನ್ನು 1817ರಲ್ಲಿ ಹತ್ತಿಸಿಕೊಂಡು ಹೋಗಿದ್ದು ಮಾನ್‌ಹೈಮ್‌ನಲ್ಲಿ. ಡೈಮ್ಲರ್ 1885ರಲ್ಲಿ ಎರಡು ಚಕ್ರದ ಗಾಡಿಗೆ ಪೆಟ್ರೋಲ್ ಇಂಜಿನ್ ಕೂರಿಸಿದ್ದು ಈಗ ಸ್ಟುಟ್‌ಗಾರ್ಟ್‌ಗೆ ಸೇರಿರುವ ಕಾನ್‌ಸ್ಟಾಟ್‌ನಲ್ಲಿ. 2023ರಲ್ಲಿ ಜರ್ಮನಿಯಲ್ಲಿ ಮಾರಾಟವಾದ ಸುಮಾರು 40 ಲಕ್ಷ ಸೈಕಲ್ಲುಗಳಲ್ಲಿ 21 ಲಕ್ಷ ಇ-ಬೈಕುಗಳೇ. ಮಾಮೂಲಿ ಸೈಕಲ್ಲನ್ನು ಅದು ಮೊದಲ ಸಲ ಹಿಂದೆ ಹಾಕಿದ ವರ್ಷ ಅದು.

ಗುಡ್ಡದ ಲೆಕ್ಕ

ಸ್ಟುಟ್‌ಗಾರ್ಟ್ ನೋಡದವರಿಗೆ ಒಂದು ಮಾತು. ಊರಿನ ನಡುಭಾಗ ಬಾಣಲೆಯ ತಳದ ಹಾಗಿದೆ, ಮನೆಗಳೆಲ್ಲ ಬಾಣಲೆಯ ಅಂಚಿಗೆ ಹತ್ತಿಕೊಂಡಿವೆ. ಕೆಳಗಿನ ಮರೀನ್‌ಪ್ಲಾಟ್ಸ್‌ನಿಂದ ಮೇಲಿನ ಡೆಗರ್‌ಲೋಖ್‌ಗೆ ಸುಮಾರು 200 ಮೀಟರ್ ಏರಬೇಕು. ಈ ಏರಿಗೆಂದೇ 1884ರಿಂದ ಹಲ್ಲುಗಾಲಿಯ ರೈಲೊಂದು ಓಡುತ್ತಿದೆ. ಜನ ಅದನ್ನು ಪ್ರೀತಿಯಿಂದ 'ತ್ಸಾಕೆ' ಎನ್ನುತ್ತಾರೆ. ಏರುವಾಗ ಅದರ ಮುಂದೆ ಸೈಕಲ್ಲುಗಳಿಗಾಗಿಯೇ ಒಂದು ತೆರೆದ ಬಂಡಿ ಇರುತ್ತದೆ. ಇಳಿಯಲು ಸೈಕಲ್ಲಿಗೆ ರೈಲು ಏಕೆ ಬೇಕು, ಅಲ್ಲವೇ?

ಆ ಗುಡ್ಡಕ್ಕೆ ಬ್ಯಾಟರಿ ಎಷ್ಟು ಬೇಕು? ಶಾಲೆಯ ಭೌತಶಾಸ್ತ್ರ ನೆನಪಿದ್ದರೆ ಸಾಕು. ಸವಾರ 75 ಕೆ.ಜಿ., ಸೈಕಲ್ 25 ಕೆ.ಜಿ., ಒಟ್ಟು 100. ಇದನ್ನು 200 ಮೀಟರ್ ಎತ್ತಲು ಬೇಕಾದ ಶಕ್ತಿ 100 ಗುಣಿಸು 9.8 ಗುಣಿಸು 200, ಎಂದರೆ 1,96,000 ಜೂಲ್. ಇದನ್ನು 3600ರಿಂದ ಭಾಗಿಸಿದರೆ ಸುಮಾರು 54 ವ್ಯಾಟ್-ಗಂಟೆ. ಮೋಟಾರಿನ ಬಿಸಿ, ಟೈರಿನ ಘರ್ಷಣೆಯಲ್ಲಿ ಒಂದಷ್ಟು ಸೋರಿಹೋಗುತ್ತದೆ; ನಮ್ಮ ಕಾಲು ಒಂದಷ್ಟು ತುಂಬಿಕೊಡುತ್ತದೆ. ಎರಡೂ ಹೆಚ್ಚು ಕಡಿಮೆ ಸರಿಹೋಗಿ, ಸಾಮಾನ್ಯವಾಗಿ ಸಿಗುವ 500 ವ್ಯಾಟ್-ಗಂಟೆಯ ಬ್ಯಾಟರಿಯಲ್ಲಿ ಹತ್ತನೆಯ ಒಂದು ಪಾಲು ಆ ಗುಡ್ಡಕ್ಕೆ ಹೋಗುತ್ತದೆ. ಸಮತಟ್ಟು ರಸ್ತೆಯಲ್ಲಿ ಕಿಲೋಮೀಟರಿಗೆ ಏಳೆಂಟು ವ್ಯಾಟ್-ಗಂಟೆ ಹಿಡಿದರೆ ಅದೇ ಬ್ಯಾಟರಿ ಅರವತ್ತು ಕಿ.ಮೀ. ಆಸುಪಾಸು ಬರುತ್ತದೆ. ಜಾಹೀರಾತಿನಲ್ಲಿ ಬರೆಯುವ "150 ಕಿ.ಮೀ. ವರೆಗೆ" ಎನ್ನುವುದು ಗಾಳಿಯಿಲ್ಲದ ದಿನ, ಕನಿಷ್ಠ ಸಹಾಯದಲ್ಲಿ, ಸಣಕಲು ಸವಾರನಿಗೆ ಬರುವ ಲೆಕ್ಕ. ಚಳಿಗಾಲದಲ್ಲಿ ಬ್ಯಾಟರಿ ತಣ್ಣಗಾದಾಗ ಇನ್ನೂ ಕಾಲುಭಾಗ ಕಳೆದುಕೊಳ್ಳಿ.

ಹಾಗಾಗಿ ಅಂಗಡಿಗೆ ಹೋಗುವ ಮುನ್ನ ನಿಮ್ಮ ದಿನದ ದಾರಿ ಎಷ್ಟು ದೂರ, ಎಷ್ಟು ಏರು ಎಂದು ನೋಡಿಕೊಳ್ಳಿ. ಹತ್ತು ಕಿ.ಮೀ. ಆಫೀಸಿಗೆ 750ರ ಬ್ಯಾಟರಿ ಹೊತ್ತು ತಿರುಗುವುದು, ಪಕ್ಕದ ಬೀದಿಗೆ ಬುತ್ತಿ ಕಟ್ಟಿಕೊಂಡು ಹೋದ ಹಾಗೆ.

ಮೋಟಾರ್ ಎಲ್ಲಿದೆ ಎಂಬುದನ್ನೂ ನೋಡಿ. ಚಕ್ರದ ನಡುವೆ ಇರುವುದು ಅಗ್ಗ, ಸರಳ, ಸಮತಟ್ಟು ಊರಿಗೆ ಸಾಕು. ಪೆಡಲಿನ ಹತ್ತಿರ ನಡುವೆ ಕೂರಿಸಿದ ಮೋಟಾರ್ ಗೇರುಗಳನ್ನು ಬಳಸಿಕೊಳ್ಳುವುದರಿಂದ ಗುಡ್ಡಕ್ಕೆ ಒಳ್ಳೆಯದು. ಇನ್ನೊಂದು ಮುಖ್ಯ ವಿಷಯ ಸೆನ್ಸರ್. ಅಗ್ಗದ ಸೈಕಲ್ಲಿನಲ್ಲಿ ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂದಷ್ಟೇ ಅದು ನೋಡುತ್ತದೆ. ತಿರುಗಿದ ಕೂಡಲೇ ಯಾರೋ ಬೆನ್ನಿಗೆ ಗುದ್ದಿದ ಹಾಗೆ ನೂಕುತ್ತದೆ. ಒಳ್ಳೆಯದರಲ್ಲಿ ನಿಮ್ಮ ಕಾಲು ಎಷ್ಟು ಬಲ ಹಾಕುತ್ತಿದೆ ಎಂದು ಅಳೆದು ಅದಕ್ಕೆ ತಕ್ಕಷ್ಟೇ ಸೇರಿಸುತ್ತದೆ. ಸೈಕಲ್ ಕಲಿಯುವಾಗ ಹಿಂದಿನ ಕ್ಯಾರಿಯರ್ ಹಿಡಿದು ಮನೆಯವರು ಓಡಿ ಬರುತ್ತಿದ್ದರಲ್ಲ, ಅದೇ ಅನುಭವ. ಇದಕ್ಕೆ ಇನ್ನೂರು ಮುನ್ನೂರು ಯೂರೋ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮೆಟ್ಟಿಲು ಎಣಿಸಿ, ಆಮೇಲೆ ಕೊಳ್ಳಿ

ನಾವು ಮೊದಲ ಸೈಕಲ್ ಕೊಂಡಾಗ ಬ್ರೇಕ್ ನೋಡಿದೆವು, ಬಣ್ಣ ನೋಡಿದೆವು, ಮನೆಯ ಮೆಟ್ಟಿಲು ನೋಡಲಿಲ್ಲ. ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು, ಕೊನೆಯಲ್ಲಿ ಒಂದು ತಿರುವು. ಮಾಮೂಲಿ ಸೈಕಲ್ಲಾದರೆ ಹೆಗಲಿಗೆ ಹಾಕಿಕೊಂಡು ಇಳಿಯಬಹುದು. 25 ಕೆ.ಜಿ.ಯ ಇ-ಬೈಕ್ ಹಾಗಲ್ಲ. ಮೊದಲ ವಾರದಲ್ಲೇ ಗೋಡೆಯ ಸುಣ್ಣ ಕಿತ್ತು, ಮನೆ ಮಾಲೀಕರಿಂದ ಕಾಗದ ಬಂತು. ಕೊನೆಗೆ ನಾವು ಕಂಡುಕೊಂಡ ದಾರಿ: ಮೂರು ಕೆ.ಜಿ. ತೂಗುವ ಬ್ಯಾಟರಿಯನ್ನು ಮೊದಲು ತೆಗೆದಿಡುವುದು, ಮೆಟ್ಟಿಲ ಅಂಚಿಗೆ ಸೈಕಲ್ ಗಾಲಿ ಹೋಗುವಷ್ಟು ಅಗಲದ ಒಂದು ಓಟೆಯಂಥ ಪಟ್ಟಿಯನ್ನು ಮಾಲೀಕರ ಒಪ್ಪಿಗೆ ಪಡೆದು ಹಾಕಿಸುವುದು. ನಡೆಯುವ ವೇಗದಲ್ಲಿ ಸೈಕಲ್ಲನ್ನು ತಳ್ಳಲು ಸಹಾಯ ಮಾಡುವ, ಗಂಟೆಗೆ 6 ಕಿ.ಮೀ. ಮೀರದ ಒಂದು ಗುಂಡಿ ಬಹಳಷ್ಟು ಇ-ಬೈಕುಗಳಲ್ಲಿ ಇರುತ್ತದೆ. ಅಂಗಡಿಯಲ್ಲಿ ಅದನ್ನೂ ಒತ್ತಿ ನೋಡಿ.

ಹಣದ ಮಾತಿಗೆ ಬಂದರೆ, ದಿನವೂ ಬಳಸುವ ಒಳ್ಳೆಯ ಸೈಕಲ್ಲಿಗೆ ಎರಡೂವರೆ ಮೂರು ಸಾವಿರ ಯೂರೋ ಬೇಕಾಗುತ್ತದೆ. ಇಲ್ಲಿ ಅನೇಕ ಕಂಪನಿಗಳು ಸಂಬಳದಲ್ಲಿ ಹಿಡಿದುಕೊಂಡು ಲೀಸಿಗೆ ಕೊಡುತ್ತವೆ, ಸಾಮಾನ್ಯವಾಗಿ 36 ತಿಂಗಳಿಗೆ. 2020ರಿಂದ ಇದರ ತೆರಿಗೆ ಲೆಕ್ಕವೂ ಅಗ್ಗ: ಪಟ್ಟಿ ಬೆಲೆಯ ಕಾಲುಭಾಗಕ್ಕೆ ತಿಂಗಳಿಗೆ ಶೇಕಡ 1ರಷ್ಟನ್ನು ಮಾತ್ರ ಆದಾಯಕ್ಕೆ ಸೇರಿಸುತ್ತಾರೆ. ವಿಮೆ, ವರ್ಷದ ರಿಪೇರಿ ಹಲವು ಸಲ ಅದರಲ್ಲೇ ಬರುತ್ತವೆ. ಕೇಳಲು ಚೆನ್ನ. ಆದರೆ ನಮ್ಮಂಥವರಿಗೆ ಒಂದು ಎಚ್ಚರಿಕೆ: ಮೂರು ವರ್ಷದ ನಡುವೆ ಕೆಲಸ ಬದಲಾದರೆ, ಅಥವಾ ಊರಿಗೆ ಹಿಂತಿರುಗಬೇಕಾಗಿ ಬಂದರೆ ಉಳಿದ ಕಂತು ಯಾರ ತಲೆಗೆ ಬರುತ್ತದೆ ಎಂದು ಕರಾರಿನಲ್ಲಿ ಓದಿಯೇ ಸಹಿ ಹಾಕಿ. ವೀಸಾ ಎರಡು ವರ್ಷದ್ದು, ಸೈಕಲ್ ಮೂರು ವರ್ಷದ್ದು ಎಂಬಂತಾಗಬಾರದು.

ಹಳೆಯದು ಕೊಳ್ಳುವವರು ಕೇಳಬೇಕಾದ್ದು ಮೂರು. ಮೂಲ ರಸೀದಿ ಇದೆಯೇ? (ಇಲ್ಲದಿದ್ದರೆ ಕದ್ದ ಮಾಲು ಇರಬಹುದು.) ಬೀಗದ ಕೀಲಿ, ಚಾರ್ಜರ್ ಮೂಲದ್ದೇ? ಬ್ಯಾಟರಿ ಎಷ್ಟು ಸಲ ತುಂಬಿದೆ, ಈಗ ಎಷ್ಟು ಹಿಡಿಯುತ್ತದೆ? ಕೊನೆಯದನ್ನು ಅಂಗಡಿಯಲ್ಲಿ ಕಂಪ್ಯೂಟರ್ ಹಾಕಿ ನೋಡಿ ಹೇಳುತ್ತಾರೆ. ಹೊಸ ಬ್ಯಾಟರಿಗೆ ಐನೂರರಿಂದ ಎಂಟುನೂರು ಯೂರೋ ಇರುವಾಗ, "ಬರೀ ಎಂಟುನೂರಕ್ಕೆ ಸಿಕ್ಕಿತು" ಎನ್ನುವ ಸೈಕಲ್ ನಿಜವಾಗಿ ಎಷ್ಟಕ್ಕೆ ಸಿಕ್ಕಿತು ಎಂಬ ಲೆಕ್ಕ ನೀವೇ ಹಾಕಿ.

ಬ್ಯಾಟರಿ ಎಂಬ ಮನೆಯ ಕೂಸು

ಇ-ಬೈಕಿನಲ್ಲಿ ಸೈಕಲ್ಲಿಗಿಂತ ಬೇರೆಯಾದ ಆರೈಕೆ ಬೇಡುವುದು ಬ್ಯಾಟರಿ ಒಂದೇ. ನಾವು ಅತಿ ದೊಡ್ಡ ದಂಡ ತೆತ್ತದ್ದೂ ಇದರಲ್ಲೇ.

ಆ ಕಪ್ಪು ಡಬ್ಬಿಯೊಳಗೆ ಟಾರ್ಚಿನ ಸೆಲ್ಲಿನಂಥ ಲಿಥಿಯಂ ಸೆಲ್ಲುಗಳ ಸಾಲುಗಳಿರುತ್ತವೆ. 36 ವೋಲ್ಟಿನ ಬ್ಯಾಟರಿ ಎಂದರೆ ತಲಾ 3.6 ವೋಲ್ಟಿನ ಹತ್ತು ಗುಂಪುಗಳು ಒಂದರ ಬಾಲಕ್ಕೆ ಒಂದು ಜೋಡಿಸಿಕೊಂಡು ನಿಂತಿವೆ ಎಂದರ್ಥ. ಪೂರ್ತಿ ತುಂಬಿದಾಗ ಒಂದೊಂದೂ 4.2 ವೋಲ್ಟಿಗೆ ಏರುತ್ತದೆ. ಆ ಸ್ಥಿತಿಯಲ್ಲಿ ದಿನಗಟ್ಟಲೆ, ಅದೂ ಬಿಸಿಯಲ್ಲಿ ಇಟ್ಟರೆ ಒಳಗಿನ ರಾಸಾಯನಿಕಗಳು ಬೇಗ ಮುಪ್ಪಾಗುತ್ತವೆ. ಮದುವೆ ಊಟ ಹೊಟ್ಟೆ ಬಿರಿಯ ಉಂಡು ಬಿಸಿಲಿನಲ್ಲಿ ಕೂತವರ ಪಾಡು ಅದರದು. ಇನ್ನು ಪೂರ್ತಿ ಬರಿದಾಗಿ ಬಿಟ್ಟರೆ ಬೇರೆ ಕಷ್ಟ: ಒಳಗಿನ ರಕ್ಷಣಾ ಸರ್ಕೀಟು ತನ್ನ ಪಾಲಿನ ಚೂರು ಕರೆಂಟು ಕುಡಿಯುತ್ತಲೇ ಇರುತ್ತದೆ. ವೋಲ್ಟೇಜ್ ಒಂದು ಮಿತಿಯ ಕೆಳಗೆ ಇಳಿದರೆ ಆ ಸರ್ಕೀಟು ಬ್ಯಾಟರಿಯನ್ನು ಮತ್ತೆ ಏಳಲು ಬಿಡುವುದಿಲ್ಲ.

ಮೂರು ವರ್ಷದ ಹಿಂದೆ, ಜನವರಿಯ ಒಂದು ರಾತ್ರಿ ಊರಿನಿಂದ ಫೋನ್ ಬಂತು. ಆ ಫೋನ್ ಎಂಥದ್ದೆಂದು ಹೊರದೇಶದಲ್ಲಿರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮರುದಿನ ಮಧ್ಯಾಹ್ನ ವಿಮಾನದಲ್ಲಿದ್ದೆವು. ಒಲೆ ಆರಿಸಿದೆವಾ, ನೀರು ಬಂದ್ ಮಾಡಿದೆವಾ ಎಂದು ಮಾತ್ರ ನೆನಪಿಸಿಕೊಂಡೆವು. ಆಸ್ಪತ್ರೆ, ಆಮೇಲೆ ಮನೆ, ಆಮೇಲೆ ಕರ್ಮಗಳು... ಹಿಂತಿರುಗಿದಾಗ ಏಪ್ರಿಲ್ ಮುಗಿಯುತ್ತಿತ್ತು. ಎರಡು ಸೈಕಲ್ಲುಗಳಲ್ಲಿ ಒಂದು ಆ ಸಂಜೆ ಬಹುತೇಕ ಖಾಲಿ ಬ್ಯಾಟರಿಯೊಂದಿಗೆ ಮನೆಗೆ ಬಂದು ನೆಲಮಾಳಿಗೆಯ ಚಳಿಯಲ್ಲಿ ಹಾಗೆಯೇ ನಿಂತಿತ್ತು. ಗುಂಡಿ ಒತ್ತಿದರೆ ಒಂದು ದೀಪವೂ ಹತ್ತಲಿಲ್ಲ. ಅಂಗಡಿಯವರು ನೋಡಿ, ಇದನ್ನು ಎಬ್ಬಿಸುವುದು ಸಾಧ್ಯವಿಲ್ಲ, ಎಬ್ಬಿಸಿದರೂ ನಂಬುವ ಹಾಗಿಲ್ಲ ಎಂದರು. ಆರುನೂರು ಚಿಲ್ಲರೆ ಯೂರೋ ಹೋಯಿತು. ಆ ವರ್ಷದ ದುಃಖದ ಮುಂದೆ ಅದೇನೂ ದೊಡ್ಡದಲ್ಲ ಬಿಡಿ. ಆದರೆ ಅಂದಿನಿಂದ ಪಾಸ್‌ಪೋರ್ಟ್ ಇಡುವ ಡ್ರಾಯರಿನಲ್ಲಿ ಒಂದು ಚೀಟಿ ಅಂಟಿಸಿದ್ದೇವೆ: ಒಲೆ, ನೀರು, ಕಿಟಕಿ, ಬ್ಯಾಟರಿ ಅರ್ಧ. ಪಕ್ಕದ ಮನೆಯವರಿಗೂ ಅದು ಎಲ್ಲಿದೆ ಎಂದು ತೋರಿಸಿದ್ದೇವೆ.

ನಮ್ಮ ಮನೆಯಲ್ಲಿ ಈಗ ನಡೆಯುವ ಕ್ರಮ ಇದು:

1. ದಿನದ ಬಳಕೆಗೆ ಶೇಕಡ 80ರ ಆಸುಪಾಸು ತುಂಬಿಸಿ ತೆಗೆಯುತ್ತೇವೆ. ದೂರ ಹೋಗುವ ದಿನ ಮಾತ್ರ ಪೂರ್ತಿ. ಹಾಗೆಂದು ಪೂರ್ತಿ ತುಂಬಿದರೆ ಪಾಪವೇನಲ್ಲ, ತುಂಬಿಸಿ ವಾರಗಟ್ಟಲೆ ಇಡಬಾರದು ಅಷ್ಟೇ.

2. ಎರಡು ವಾರಕ್ಕಿಂತ ಹೆಚ್ಚು ಊರಿಗೆ ಹೋಗುವುದಾದರೆ ಅರ್ಧ ತುಂಬಿಸಿ, ಸೈಕಲ್ಲಿನಿಂದ ತೆಗೆದು, ತಂಪಾದ ಒಣ ಜಾಗದಲ್ಲಿ ಇಡುತ್ತೇವೆ. 10ರಿಂದ 20 ಡಿಗ್ರಿ ಇದ್ದರೆ ಒಳ್ಳೆಯದು.

3. ಸೊನ್ನೆ ಡಿಗ್ರಿಗಿಂತ ಕೆಳಗೆ ಇರುವಾಗ ಚಾರ್ಜ್ ಮಾಡುವುದೇ ಇಲ್ಲ. ಆ ಚಳಿಯಲ್ಲಿ ತುಂಬಿಸಿದರೆ ಲಿಥಿಯಂ ಒಳಗೆ ಇಳಿಯದೆ ಲೋಹದ ಪದರವಾಗಿ ಕಟ್ಟಿಕೊಳ್ಳುತ್ತದೆ. ಅದರಿಂದ ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ, ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಹಿಮದಲ್ಲಿ ಬಂದ ದಿನ ಬ್ಯಾಟರಿಯನ್ನು ಒಳಗೆ ತಂದು, ನಾವು ಕಾಫಿ ಕುಡಿದು ಬೆಚ್ಚಗಾದ ಮೇಲೆ ಅದಕ್ಕೂ ಒಂದೆರಡು ಗಂಟೆ ಕೊಟ್ಟು ಚಾರ್ಜಿಗೆ ಹಾಕುತ್ತೇವೆ.

4. ಅದರ ಜೊತೆ ಬಂದ ಚಾರ್ಜರ್ ಬಿಟ್ಟು ಬೇರೆ ಹಾಕುವುದಿಲ್ಲ. ಎಲ್ಲರೂ ಮಲಗಿರುವಾಗ, ಯಾರೂ ಮನೆಯಲ್ಲಿ ಇಲ್ಲದಿರುವಾಗ ಚಾರ್ಜಿಗಿಡುವುದಿಲ್ಲ. ಮುಖ್ಯವಾಗಿ ಹೊರಗೆ ಹೋಗುವ ಬಾಗಿಲಿನ ಹತ್ತಿರ ಇಡುವುದಿಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವುದು ಅಪರೂಪ, ಆದರೆ ಹತ್ತಿದರೆ ಓಡಲು ಇರುವ ಒಂದೇ ದಾರಿಯಲ್ಲಿ ಅದು ಕೂತಿರಬಾರದು. ಹಂಚಿನ ನೆಲ, ಸುತ್ತ ಪರದೆ ಪೇಪರ್ ಇಲ್ಲದ ಮೂಲೆ, ಮೇಲೆ ಒಂದು ಹೊಗೆ ಸೂಚಕ. ಅಷ್ಟು ಸಾಕು.

5. ಕೈಜಾರಿ ಬಿದ್ದರೆ, ಉಬ್ಬಿದರೆ, ವಿಚಿತ್ರ ವಾಸನೆ ಬಂದರೆ ಬಳಸದೆ ಅಂಗಡಿಗೆ ಹೇಳುತ್ತೇವೆ. ಬಿಚ್ಚಿ ರಿಪೇರಿ ಮಾಡುವ ಉತ್ಸಾಹ ನಮ್ಮ ಇಂಜಿನಿಯರುಗಳಿಗೆ ಸ್ವಲ್ಪ ಜಾಸ್ತಿ. ಇಲ್ಲಿ ಅದು ಬೇಡ. ಸತ್ತ ಬ್ಯಾಟರಿ ಕಸದ ಡಬ್ಬಿಗೂ ಬೇಡ, ಮಾರುವ ಅಂಗಡಿಗೇ ಹಿಂತಿರುಗಿಸಿ.

ಇಷ್ಟು ನೋಡಿಕೊಂಡರೆ ಐನೂರರಿಂದ ಸಾವಿರ ಸಲ ಪೂರ್ತಿ ತುಂಬಿಸುವಷ್ಟು ಕಾಲ ಬ್ಯಾಟರಿ ಬಾಳುತ್ತದೆ. ನಡೆಸುವ ಖರ್ಚೋ, ಹೇಳಲು ನಗು ಬರುತ್ತದೆ. ಅರ್ಧ ಯೂನಿಟ್ ಕರೆಂಟು, ಒಮ್ಮೆ ತುಂಬಿಸಲು ಇಪ್ಪತ್ತು ಸೆಂಟಿನ ಆಚೀಚೆ.

ಬೀಗದ ಕಥೆ

ಈಗ ಇಲ್ಲದ ಸೈಕಲ್ಲಿನ ವಿಷಯ. ಮೂರು ಸಾವಿರ ಯೂರೋ ಕೊಟ್ಟವರು ನಾವು, ಬೀಗಕ್ಕೆ ಹದಿನೈದು ಯೂರೋ ಕೊಟ್ಟಿದ್ದೆವು. ಬೇಸಿಗೆಯ ಒಂದು ಸಂಜೆ ರೈಲು ನಿಲ್ದಾಣದ ಹೊರಗೆ ಜಾಗ ಸಿಗದೆ, ಮುಂದಿನ ಚಕ್ರಕ್ಕೂ ಫ್ರೇಮಿಗೂ ಸೇರಿಸಿ ಆ ತೆಳು ತಂತಿಯ ಬೀಗ ಹಾಕಿ ಗೋಡೆಗೆ ಒರಗಿಸಿ ಹೋದೆವು. ಬಂದು ನೋಡಿದರೆ ಗೋಡೆ ಇತ್ತು.

ಪೊಲೀಸರು ಮೊದಲು ಕೇಳಿದ್ದು ಫ್ರೇಮ್ ನಂಬರ್. ನಮ್ಮ ಹತ್ತಿರ ಇರಲಿಲ್ಲ, ಅಂಗಡಿಯವರ ಕಡತ ಹುಡುಕಿಸಿ ತಂದೆವು. ವಿಮೆಯವರು ಕೇಳಿದ್ದು ಬೀಗದ ರಸೀದಿ. ಕರಾರಿನ ಆರನೆಯ ಪುಟದಲ್ಲಿ, ಸೈಕಲ್ಲನ್ನು ನೆಲಕ್ಕೆ ಹೂತ ವಸ್ತುವಿಗೆ ಇಂಥ ಮಟ್ಟದ ಬೀಗದಿಂದ ಕಟ್ಟಿರಬೇಕು ಎಂದು ಬರೆದಿತ್ತು. ಜರ್ಮನ್ ಅರ್ಧಂಬರ್ಧ ಬರುತ್ತಿದ್ದ ಕಾಲದಲ್ಲಿ ಸಹಿ ಹಾಕಿದ ಕಾಗದ ಅದು. ನಾಲ್ಕು ಪತ್ರ ಬರೆದೆವು, ನಾಲ್ಕಕ್ಕೂ ಒಂದೇ ಉತ್ತರ. ಒಂದು ಕಾಸೂ ಬರಲಿಲ್ಲ. ಆಗ ಸಿಟ್ಟು ಬಂತು. ಈಗ ಯೋಚಿಸಿದರೆ ಓದದೆ ಸಹಿ ಹಾಕಿದವರು ನಾವೇ.

ಆದ್ದರಿಂದ, ಸೈಕಲ್ ಬೆಲೆಯ ಹತ್ತರಲ್ಲಿ ಒಂದು ಪಾಲು ಬೀಗಕ್ಕೆ ಎತ್ತಿಡಿ. ಗಟ್ಟಿ ಚೈನಿನದೋ, ಮಡಚುವ ಪಟ್ಟಿಯದೋ ತೆಗೆದುಕೊಂಡು, ಅಲ್ಲಾಡದ ಕಂಬಕ್ಕೆ ಫ್ರೇಮನ್ನು ಸೇರಿಸಿ ಹಾಕಿ. ದೂರ ಬಿಟ್ಟು ಹೋಗುವಾಗ ಡಿಸ್‌ಪ್ಲೇ, ಸಾಧ್ಯವಾದರೆ ಬ್ಯಾಟರಿಯನ್ನೂ ಕಿತ್ತು ಚೀಲಕ್ಕೆ ಹಾಕಿಕೊಳ್ಳಿ. ಕೊಂಡ ದಿನವೇ ಫ್ರೇಮ್ ನಂಬರಿನ, ರಸೀದಿಯ, ಬೀಗದ ರಸೀದಿಯ ಫೋಟೋ ತೆಗೆದಿಡಿ. ಮನೆ ಸಾಮಾನಿನ ವಿಮೆ ಸಾಮಾನ್ಯವಾಗಿ ಬೀಗ ಹಾಕಿದ ನೆಲಮಾಳಿಗೆಯಿಂದ ಕದ್ದದ್ದಕ್ಕೆ ಕೊಡುತ್ತದೆ, ರಸ್ತೆಯಿಂದ ಕದ್ದದ್ದಕ್ಕೆ ಬೇರೆ ಸೇರ್ಪಡೆ ಬೇಕು. ರಾತ್ರಿ ಹೊತ್ತಿಗೆ ಏನಾದರೂ ಷರತ್ತಿದೆಯೇ ಎಂದೂ ನೋಡಿ. ಭಾಷೆ ಅರ್ಥವಾಗದಿದ್ದರೆ ಕೂಟಕ್ಕೆ ತನ್ನಿ, ಓದಿ ಹೇಳುವವರು ಇಲ್ಲಿ ಹತ್ತು ಜನ ಇದ್ದಾರೆ.

ಚೈನು, ಗಾಳಿ, ಬ್ರೇಕು

ಮೋಟಾರ್ ತುಂಬ ಕಡಿಮೆ ಕಾಟ ಕೊಡುತ್ತದೆ. ಕಾಟವೆಲ್ಲ ಹಳೆಯ ಸೈಕಲ್ ಭಾಗಗಳದ್ದೇ, ಏಕೆಂದರೆ ಅವು ಈಗ ಎರಡು ಜನದ ಬಲ ತಡೆಯಬೇಕು. ನಡುವೆ ಮೋಟಾರ್ ಇರುವ ಸೈಕಲ್ಲಿನಲ್ಲಿ ಎರಡು ಮೂರು ಸಾವಿರ ಕಿ.ಮೀ.ಗೆ ಚೈನು ಸವೆದು ಉದ್ದವಾಗಿರುತ್ತದೆ. ಅದನ್ನು ಅಳೆಯುವ ಪುಟ್ಟ ಪಟ್ಟಿ ಹತ್ತು ಯೂರೋಗೆ ಸಿಗುತ್ತದೆ. ಸರಿಯಾದ ಹೊತ್ತಿಗೆ ಚೈನು ಬದಲಿಸದಿದ್ದರೆ ಅದು ಹಲ್ಲುಚಕ್ರಗಳನ್ನೂ ತಿಂದುಹಾಕುತ್ತದೆ. ಮೂವತ್ತು ಯೂರೋದ ಕೆಲಸ ನೂರೈವತ್ತಕ್ಕೆ ಹೋಗುತ್ತದೆ. ಗೇರು ಬದಲಿಸುವ ಕ್ಷಣದಲ್ಲಿ ಕಾಲಿನ ಬಲ ಸ್ವಲ್ಪ ಸಡಿಲಿಸಿ, ಸಿಗ್ನಲ್ಲಿಗೆ ನಿಲ್ಲುವ ಮೊದಲೇ ಹಗುರ ಗೇರಿಗೆ ಬನ್ನಿ. ಈ ಎರಡು ಅಭ್ಯಾಸವೇ ಚೈನಿಗೆ ಅರ್ಧ ಆಯುಷ್ಯ.

ಎರಡು ವಾರಕ್ಕೊಮ್ಮೆ ಗಾಳಿ ನೋಡಿ. ಎಷ್ಟು ಬೇಕೆಂದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ತೂಕ ಜಾಸ್ತಿ, ಇಳಿಜಾರು ಜಾಸ್ತಿ, ಹಾಗಾಗಿ ಬ್ರೇಕ್ ಪ್ಯಾಡುಗಳೂ ಬೇಗ ಸವೆಯುತ್ತವೆ. ಹೊಸ ಸೈಕಲ್ಲನ್ನು ಮೊದಲ ಕೆಲವು ನೂರು ಕಿ.ಮೀ. ಆದ ಮೇಲೆ ಒಮ್ಮೆ ಅಂಗಡಿಗೆ ತೋರಿಸಿ, ಚಕ್ರದ ಕಡ್ಡಿಗಳು ಬೋಲ್ಟುಗಳು ಸಡಿಲವಾಗಿರುತ್ತವೆ. ಒತ್ತಡದ ಪೈಪಿನಿಂದ ನೀರು ಹೊಡೆದು ತೊಳೆಯಬೇಡಿ, ಬೇರಿಂಗಿನೊಳಗೆ ನೀರು ನುಗ್ಗುತ್ತದೆ. ಒಂದು ಬಕೆಟ್ ನೀರು, ಹಳೇ ಬನಿಯನ್ ಸಾಕು.

ರಸ್ತೆಯ ಮೇಲೆ

ಸೈಕಲ್ ಎಂದ ಮಾತ್ರಕ್ಕೆ ನಿಯಮವಿಲ್ಲ ಎಂದಲ್ಲ. ಕೆಂಪು ದೀಪ ದಾಟಿದರೆ ಕನಿಷ್ಠ 60 ಯೂರೋ, ಲೈಸೆನ್ಸ್ ಖಾತೆಗೆ ಒಂದು ಪಾಯಿಂಟ್. ಕೈಯಲ್ಲಿ ಫೋನ್ ಹಿಡಿದು ತುಳಿದರೆ 55. ಕಾರಿನವರೂ ಊರೊಳಗೆ ನಮ್ಮನ್ನು ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕು ಎಂದು 2020ರಿಂದ ನಿಯಮವಿದೆ. ಎಲ್ಲರೂ ಬಿಡುತ್ತಾರೆ ಎಂದು ನಂಬಿ ಹೋಗಬೇಡಿ. ಇನ್ನೊಂದು ವಿಷಯ, ಎದುರಿನವರು ನಿಮ್ಮ ವೇಗವನ್ನು ಸೈಕಲ್ಲಿನ ವೇಗ ಎಂದೇ ಅಂದಾಜು ಮಾಡುತ್ತಾರೆ. ಗುಡ್ಡದ ಮೇಲೆ ಇಪ್ಪತ್ತರಲ್ಲಿ ಬರುತ್ತೀರೆಂದು ಅವರಿಗೆ ಹೊಳೆಯುವುದೇ ಇಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಪರಿಚಯದ ಹುಡುಗನೊಬ್ಬ, ಒಳ್ಳೆಯ ಹುಡುಗ, 25ರ ಮಿತಿ ತೆಗೆಯುವ ಪುಟ್ಟ ಸಾಧನವೊಂದನ್ನು ತರಿಸಿ ಹಾಕಿಕೊಂಡ. ಸಾಫ್ಟ್‌ವೇರಿನವರಿಗೆ ಮಿತಿ ಕಂಡರೆ ಮುರಿಯುವ ಚಪಲ, ನಮಗೂ ಗೊತ್ತು. ತಪಾಸಣೆಯಲ್ಲಿ ಸಿಕ್ಕಿಬಿದ್ದ. ಆ ಸಾಧನ ಹಾಕಿದ ಕ್ಷಣ ಅದು ಸೈಕಲ್ ಅಲ್ಲ, ಮೋಟಾರು ವಾಹನ. ಲೈಸೆನ್ಸ್ ಇಲ್ಲದೆ, ವಿಮೆ ಇಲ್ಲದೆ ಮೋಟಾರು ವಾಹನ ಓಡಿಸಿದ್ದು ಇಲ್ಲಿ ಬರೀ ದಂಡದ ವಿಷಯವಲ್ಲ, ಅಪರಾಧ. ಯಾರಿಗಾದರೂ ಗುದ್ದಿದ್ದರೆ ಅವರ ಆಸ್ಪತ್ರೆಯ ಖರ್ಚನ್ನು ಜೀವಮಾನವಿಡೀ ಅವನೇ ಕಟ್ಟಬೇಕಾಗಬಹುದಿತ್ತು. ಪೌರತ್ವಕ್ಕೆ ಅರ್ಜಿ ಹಾಕುವಾಗ ನಿಮ್ಮ ಮೇಲೆ ತನಿಖೆ ನಡೆಯುತ್ತಿದೆಯೇ ಎಂದೂ ಕೇಳುತ್ತಾರೆ. ತನಿಖೆ ಮುಗಿಯುವವರೆಗೆ ಅರ್ಜಿ ಕದಲುವುದಿಲ್ಲ. ಹತ್ತು ಕಿ.ಮೀ. ದಾರಿಯಲ್ಲಿ ಉಳಿಯುತ್ತಿದ್ದದ್ದು ಏಳೆಂಟು ನಿಮಿಷ. ಅದಕ್ಕೆ ಅವನು ಒಂದು ವರ್ಷ ನಿದ್ದೆ ಕಳೆದುಕೊಂಡ.

ಊರಿಗೆ ಒಯ್ಯಬಹುದೇ?

ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ವಿಮಾನದಲ್ಲಿ ಪ್ರಯಾಣಿಕರು 160 ವ್ಯಾಟ್-ಗಂಟೆಗಿಂತ ದೊಡ್ಡ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲೂ, ಲಗೇಜಿನಲ್ಲೂ ಒಯ್ಯುವಂತಿಲ್ಲ. ನಮ್ಮದು 500. ಹಾಗಾಗಿ ಇಲ್ಲ. ಹಿಂತಿರುಗುವವರು ಇಲ್ಲೇ ಮಾರಿ, ಅಲ್ಲೇ ಕೊಳ್ಳುವುದು ಮೇಲು. ಭಾರತದಲ್ಲೂ 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ವೇಗದ ಬ್ಯಾಟರಿ ವಾಹನಕ್ಕೆ ನೋಂದಣಿ, ಲೈಸೆನ್ಸ್ ಬೇಡ ಎಂಬ ನಿಯಮವಿದೆ.

ಕೊನೆಯದಾಗಿ

ನಮ್ಮ ತಲೆಮಾರಿನವರು ಚಿಕ್ಕಂದಿನಲ್ಲಿ ಗಂಟೆಗೆ ಇಷ್ಟು ಎಂದು ಬಾಡಿಗೆ ಕೊಟ್ಟು, ದೊಡ್ಡವರ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಒಳಪೆಡಲು ತುಳಿದು ಕಲಿತವರು. ಕೆಲಸ ಸಿಕ್ಕ ಕೂಡಲೇ ಸೈಕಲ್ ಬಿಟ್ಟೆವು. ಸೈಕಲ್ಲಿನಿಂದ ಇಳಿಯುವುದೇ ಮೇಲೆ ಬರುವುದರ ಗುರುತಾಗಿತ್ತು. ನಾವು ಇಲ್ಲಿ ಮತ್ತೆ ಸೈಕಲ್ ಹತ್ತಿದೆವೆಂದು ಊರಿಗೆ ಹೇಳಿದಾಗ ಅಮ್ಮ ಗಾಬರಿಯಾಗಿ, "ಕೆಲಸ ಗಟ್ಟಿಯಾಗಿದೆ ತಾನೇ?" ಎಂದು ಕೇಳಿದ್ದರು. ಸೈಕಲ್ಲಿನ ಬೆಲೆ ರೂಪಾಯಿಯಲ್ಲಿ ಹೇಳಿದ ಮೇಲೆ ಗಾಬರಿ ಬೇರೆ ಥರದ್ದಾಯಿತು!

ಹೊಸಬರಿಗೆ ನಾವು ಹೇಳಬೇಕೆಂದಿದ್ದು ಇಷ್ಟೇ. ಇ-ಬೈಕ್ ಗುಂಡಿ ಒತ್ತಿದರೆ ಓಡುವ ಯಂತ್ರ ಎಂದುಕೊಂಡು ಕೊಂಡವರು ವರ್ಷದೊಳಗೆ ಬೇಸತ್ತು ಮಾರುವುದನ್ನು ನೋಡಿದ್ದೇವೆ. ವಾರಕ್ಕೆ ಹದಿನೈದು ನಿಮಿಷ ಅದರ ಬಳಿ ಕುಳಿತು ಗಾಳಿ, ಚೈನು, ಬ್ರೇಕು ನೋಡಿದವರ ಬಳಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಕಾಲು ನಿಮ್ಮದೇ ಇರಬೇಕು, ಏರಿನಲ್ಲಿ ಅದು ಕೈ ಕೊಡುತ್ತದೆ.

ಮುಂದಿನ ಕೂಟಕ್ಕೆ ಮಳೆ ಬಂದರೂ ಸೈಕಲ್ಲಿನಲ್ಲೇ ಬರುತ್ತೇವೆ. ಓದಿ ಹಿಂತಿರುಗಿಸಬೇಕಾದ ಪುಸ್ತಕಗಳು ಪ್ಲಾಸ್ಟಿಕ್ ಸುತ್ತಿಕೊಂಡು ಪಕ್ಕದ ಚೀಲದಲ್ಲಿರುತ್ತವೆ. ಕೊಳ್ಳಬೇಕೆಂದಿರುವವರು ಅರ್ಧ ಗಂಟೆ ಮೊದಲೇ ಬನ್ನಿ. ಹತ್ತಿರದ ಏರಿನಲ್ಲಿ ನಮ್ಮದನ್ನೇ ಒಂದು ಸುತ್ತು ಹೊಡೆದು ನೋಡಿ, ಆಮೇಲೆ ಅಂಗಡಿಗೆ ಹೋದರಾಯಿತು.